ಕೋಟಿನ ಕೆಳಗಿನ ಮೀನು

ನನ್ನ ಗಂಡನ ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಸಣ್ಣ ಕೊರಕಲು ಇತ್ತು. ಅದು ಗಾಳದ ದಾರ ಮಾಡಿದ್ದು. ಇಸ್ಸಿಕ್ ಕುಲ್ ಸರೋವರದಲ್ಲಿ ಒಬ್ಬನೇ ದೋಣಿಯಲ್ಲಿ ಟ್ರೌಟ್ ಮೀನಿಗೆ ಹೋಗುವವನಿಗೆ ಎರಡು ಕೈಯೂ ಹುಟ್ಟು ಹಾಕುವುದಕ್ಕೇ ಬೇಕು. ಹಿಂದೆ ನೀರಿನಲ್ಲಿ ಉದ್ದಕ್ಕೆ ಬಿಟ್ಟ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ದಾರದ ತುದಿಗೆ ಚಹಾ ಕಾಯಿಸುವ ಹಳೆಯ ಸಮೋವಾರಿನ ಹಿತ್ತಾಳೆ ಬಡಿದು ಮಾಡಿದ ಎಲೆ, ಎಲೆಗೆ ಗಾಳ. ದೋಣಿ ನಿಧಾನಕ್ಕೆ ಸಾಗಿದರೆ ಎಲೆ ಮರಿಮೀನಿನ ಹಾಗೆ ಹೊರಳುತ್ತದೆ. ಅವಸರ ಮಾಡಿದರೆ ಸುಮ್ಮನೆ ಗಿರಗಿರ ತಿರುಗುತ್ತದೆ, ಮೀನು ಹತ್ತಿರ ಬರುವುದಿಲ್ಲ. ಮೀನು ಬಿದ್ದದ್ದು ಮೊದಲು ಗೊತ್ತಾಗುವುದು ದವಡೆಗೆ.

ಅವರ ಕಸುಬು ಮೀನಿನದಲ್ಲ. ಸಾಮೂಹಿಕ ಸಾಗುವಳಿಯ ಲಾಯದಲ್ಲಿ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರು. ಊರಿನವರೆಲ್ಲ ಸಗಿನಾಲಿ ಎಂದು ಕರೆಯುತ್ತಿದ್ದರು. ನಾನು ಹೆಸರು ಹಿಡಿದು ಕರೆದದ್ದಿಲ್ಲ. ಬೆಟ್ಟದಿಂದ ಇಳಿದು ಬಂದ ಕುರುಬರು, "ಈ ಮೀನು ತಿನ್ನೋನ ಕೈಲಿ ಲಾಳ ಹೊಡಿಸಿದ್ರೆ ಕುದುರೆ ಓಡಲ್ಲ ಕಣ್ರೋ, ಈಜುತ್ತೆ" ಎಂದು ನಗುತ್ತಿದ್ದರು. ಇವರು ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಹೊಡೆಯುವರೇ ಹೊರತು ಉತ್ತರ ಕೊಡುತ್ತಿರಲಿಲ್ಲ. ಬಾಯಲ್ಲಿ ಮೊಳೆ, ಇಲ್ಲವೇ ದಾರ. ಮಾತು ಅವರಿಗೆ ಒಗ್ಗಲೇ ಇಲ್ಲ.

ದಾರ ಬಿಡುವುದನ್ನು ಅವರಿಗೆ ಕಲಿಸಿದವನು ಬೇಯಿಶೆಬಾಯ್ ಎಂಬ ಮುದುಕ. ಅವನ ಕಣ್ಣು ಮಂಜಾಗಿ, ಕೈ ನಡುಗಲು ಶುರುವಾದ ಮೇಲೆ ದೋಣಿ ಹತ್ತುವುದನ್ನು ಬಿಟ್ಟ. ಆದರೂ ದಡದ ಕಲ್ಲಿನ ಮೇಲೆ ಬಂದು ಕೂತು, ನೀರಿನಿಂದ ಬರುವವರಿಗೆಲ್ಲ "ಶಿರಾಲ್ಗಾ!" ಎನ್ನುವನು. ನಮ್ಮಲ್ಲಿ ಬೇಟೆಯಿಂದ ಬರುವವನಿಗೆ ಎದುರಾದವರು ಆ ಮಾತು ಅಂದರೆ ಬೇಟೆಯಲ್ಲಿ ಒಂದು ಪಾಲನ್ನು ಅಲ್ಲೇ ಕುಯ್ದು ಕೊಡಬೇಕು. ಇಲ್ಲ ಎನ್ನುವ ಹಾಗಿಲ್ಲ. ಯಾರಿಗೂ ಅದು ಹೊರೆ ಅನಿಸುತ್ತಿರಲಿಲ್ಲ. ಬೇಯಿಶೆಬಾಯ್ ಬಾಯಲ್ಲಿ ಆ ಮಾತು ಕೇಳಿಸಿಕೊಳ್ಳುವುದೇ ಒಂದು ಮರ್ಯಾದೆ.

ಹೀಗಿರುವಾಗ ಒಂದು ವರ್ಷ ನಮ್ಮ ಸೊಸೆ ಕನಿಶಾಯ್ ಮೂರನೆಯ ಬಾರಿ ಬಸುರಿ. ಹಿಂದಿನ ಎರಡೂ ನಿಂತಿರಲಿಲ್ಲ. ಮಗ ಕುರಿಗಳ ಜೊತೆ ಬೆಟ್ಟದ ಆಚೆ ಇದ್ದ. ಒಂದು ದಿನ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, "ಅತ್ತೆ, ನಗಬೇಡಿ. ಟ್ರೌಟ್ ಮೀನು ಬಿಟ್ರೆ ನಂಗೆ ಬೇರೇನೂ ನೆನಪಾಗ್ತಿಲ್ಲ" ಎಂದಳು.

ನಾನು ನಗಲಿಲ್ಲ. ಸೂಲಗಿತ್ತಿ ಸಾಲಿಕಾ ಅಜ್ಜಿಯನ್ನು ಕರೆಸಿದೆ. ಅವಳು ಸೊಸೆಯ ಹೊಟ್ಟೆ ಮುಟ್ಟಿ ನೋಡಿ, "ಹೋದ ಎರಡು ಸಲಾನೂ ಇವಳು ಬಯಕೆ ಬಾಯಿಬಿಟ್ಟು ಹೇಳ್ಲಿಲ್ಲ. ಈ ಸಲ ಹೇಳಿದಾಳೆ. ತಲೆಯಿಂದ ಬಾಲದ ತನಕ ಇಡೀ ಮೀನು ಇವಳ ಮುಂದೆ ಬರ್ಬೇಕು, ನೋಡು. ಮುಕ್ಕಾದ್ದು ತರ್ಬೇಡಿ" ಎಂದಳು.

ಪರದೆಯ ಆಚೆ ನನ್ನ ಗಂಡ ಅದನ್ನು ಕೇಳಿಸಿಕೊಂಡರು. ಮರುದಿನದಿಂದಲೇ ಲಾಯಕ್ಕೆ ಹೋಗುವ ಮೊದಲು ದೋಣಿ ಇಳಿಸತೊಡಗಿದರು. ಗಾಳಿಯ ಕಾಲ ಅದು, ಬರಿಗೈಲಿ ಬರುತ್ತಿದ್ದರು. ಸೊಸೆ ದಿನದಿನಕ್ಕೂ ಸೊರಗುತ್ತಿದ್ದಳು.

ಕೊನೆಗೊಂದು ರಜೆಯ ದಿನ ಗಾಳಿ ಬಿದ್ದುಹೋಯಿತು. ಬೆಳಿಗ್ಗೆ ಹೋದವರು ಊಟದ ಹೊತ್ತಾದರೂ ಬರಲಿಲ್ಲವೆಂದು ನಾನು ಚಹಾದ ಪಾತ್ರೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ದಡಕ್ಕೆ ಹೋದೆ. ಬೇಯಿಶೆಬಾಯ್ ಕಲ್ಲಿನ ಮೇಲಿದ್ದ.

"ಬಾಮ್ಮ, ನಿನ್ನ ಗಂಡಂಗೆ ಏನಾಗಿದೆ ಕೇಳು. ಬೆಳಿಗ್ಗೆ ದಡದ ಹತ್ರ ಬಂದ. ಶಿರಾಲ್ಗಾ ಅಂದೆ. ಏನೂ ಇಲ್ಲ ಅಂತ ತಲೆ ಅಲ್ಲಾಡಿಸಿ ದೋಣಿ ತಿರುಗಿಸ್ದ. ಅವಾಗಿಂದ ಕಣದ ಎತ್ತಿನ ಥರ ಅಲ್ಲೇ ಸುತ್ತುತಾ ಇದಾನೆ."

ದೋಣಿ ಮಾತು ಕೇಳಿಸುವಷ್ಟು ಹತ್ತಿರದಲ್ಲೇ ಇತ್ತು. ಅವರು ಬರೀ ಅಂಗಿಯಲ್ಲಿ ಕೂತು ಹುಟ್ಟು ಹಾಕುತ್ತಿದ್ದರು. ಕುರಿಚರ್ಮದ ಕೋಟು ಕಾಲಬುಡದಲ್ಲಿ ಬಿದ್ದಿತ್ತು. ದಾರ ಹಲ್ಲಿನಲ್ಲಿತ್ತು.

"ಒಂದು ಮರೀನೂ ಸಿಗ್ಲಿಲ್ವೇನೋ ಸಗಿನಾಲಿ?" ಎಂದು ಮುದುಕ ಕೂಗಿದ.

ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಹಾಗಾದ್ರೆ ಬಂದು ಚಹಾ ಕುಡಿಯೋ! ಸರೋವರ ಎಲ್ಲಿಗೂ ಓಡಿಹೋಗಲ್ಲ. ಹೆಂಡ್ತಿ ನಿಂತಿದಾಳೆ."

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ದೋಣಿ ಬಂತು. ಬೇಯಿಶೆಬಾಯ್ ಬೂಟಿನ ಸಮೇತ ನೀರಿಗಿಳಿದು ದೋಣಿಯ ಮೂತಿ ಹಿಡಿದುಕೊಂಡ. "ಅಯ್ಯೋ, ನಡುಗ್ತಾ ಇದೀಯಲ್ಲೋ! ಇಷ್ಟು ದೊಡ್ಡ ಕೋಟು ಕಾಲಡಿ ಹಾಕ್ಕೊಂಡು ಅಂಗೀಲಿ ಕೂತಿದೀಯ, ಹುಚ್ಚಪ್ಪ" ಎನ್ನುತ್ತ, ಹೊದಿಸುವುದಕ್ಕೆಂದು ಬಗ್ಗಿ ಕೋಟು ಎತ್ತಿದ.

ಕೆಳಗೆ ಮೀನಿತ್ತು. ತೋಳುದ್ದ, ಬೆನ್ನ ಮೇಲೆ ಕರಿ ಚುಕ್ಕೆಗಳು, ಕಿವಿರಿನ ಸುತ್ತ ಒದ್ದೆ ಹುಲ್ಲು.

ಮುದುಕನ ಕಣ್ಣಿಗೆ ಸರಿಯಾಗಿ ಕಾಣಲಿಲ್ಲವೋ ಏನೋ, ಬೆರಳಿನಿಂದ ಮುಟ್ಟಿ ನೋಡಿದ. ನನ್ನ ಗಂಡನ ಹಲ್ಲಿನಲ್ಲಿ ದಾರ ಇನ್ನೂ ಹಾಗೇ ಇತ್ತು. ಅದನ್ನು ಉಗುಳುವುದಕ್ಕೂ ಅವರಿಗೆ ತೋಚಲಿಲ್ಲ. ನಾನು ಚಹಾದ ಗಂಟನ್ನೇ ನೋಡುತ್ತ ನಿಂತೆ. ಬೇಯಿಶೆಬಾಯ್ ಕೋಟನ್ನು ಅವರ ಹೆಗಲಿಗೆ ಹೊದಿಸಿ, ಕುತ್ತಿಗೆಯ ಹತ್ತಿರ ಗುಂಡಿ ಹಾಕಿದ. ನಡುಗುವ ಕೈಗೆ ಅದು ಹೊತ್ತು ಹಿಡಿಯಿತು. "ಇನ್ನೂ ಹೆಚ್ಚು ಸಿಗ್ಲಪ್ಪ" ಎಂದು ಹೇಳಿ ನೀರಿನಿಂದ ಹತ್ತಿ ಊರ ಕಡೆ ನಡೆದ.

ಮನೆಯಲ್ಲಿ ಅವರು ಮೀನನ್ನು ಹಲಗೆಯ ಮೇಲಿಟ್ಟು, ಮಾವ ಸೊಸೆಯ ಜೊತೆ ನೇರ ಮಾತಾಡುವ ಹಾಗಿಲ್ಲವಾದ್ದರಿಂದ ನನ್ನ ಕಡೆ ತಿರುಗಿ, ಸೊಸೆಗೂ ಕೇಳಿಸುವಂತೆ ನಡೆದದ್ದನ್ನೆಲ್ಲ ಹೇಳಿದರು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಕನಿಶಾಯ್ ಮೀನನ್ನು ನೋಡಿದಳು. ಮುಟ್ಟಲು ಕೈಯನ್ನೂ ಚಾಚಿದಳು. ಆದರೂ ಎರಡು ಹೆಜ್ಜೆ ಹಿಂದೆ ಸರಿದಳು.

"ಮಾವಂಗೆ ಹೇಳಿ ಅತ್ತೆ. ನನಗೋಸ್ಕರಾನೇ ಮಾಡಿದ್ದು ಅಂತ ಗೊತ್ತು. ಆದ್ರೆ ಕೇಳಿದವರಿಗೆ ಇಲ್ಲ ಅಂದ ಮೀನು ನನ್ನ ಹೊಟ್ಟೆಗೆ ಬೇಡ. ಒಳಗಿರೋ ಮಗೂಗೆ ಏನಾಗುತ್ತೋ ಅಂತ ಭಯ ಆಗುತ್ತೆ."

ಅವರು ಮೀನನ್ನು ಮತ್ತೆ ಕೈಗೆತ್ತಿಕೊಂಡರು. ಬಾಗಿಲಲ್ಲಿ ನಿಂತು, "ನೀನೂ ಬಾ. ನಾನೊಬ್ನೇ ಹೋದ್ರೆ ಅರ್ಧ ದಾರಿಯಿಂದ ತಿರುಗಿ ಬಂದುಬಿಡ್ತೀನಿ" ಎಂದರು.

ಬೇಯಿಶೆಬಾಯ್‌ನ ಹೆಂಡತಿ ಕಲ್ಬೂಬು ಅಂಗಳದಲ್ಲಿ ಉಣ್ಣೆ ಬಡಿಯುತ್ತಿದ್ದಳು. ನಮ್ಮನ್ನು ನೋಡಿ ಕೋಲು ಕೆಳಗಿಡಲಿಲ್ಲ. "ಏನಪ್ಪ ಸಗಿನಾಲಿ, ಕೋಟು ಹಾಕ್ಕೊಂಡು ಬಂದೆಯಾ? ಒಳಗೆ ಇನ್ನೇನಿದೆ, ಬಿಚ್ಚಿ ತೋರಿಸು, ನೋಡೋಣ."

ಅವರು ತಲೆ ತಗ್ಗಿಸಿದರು. ಬೇಯಿಶೆಬಾಯ್ ಒಳಗಿನಿಂದ ಬಂದ. ಸಾಲಿಕಾ ಅಜ್ಜಿ ಹೇಳಿದ್ದನ್ನೂ ಸೊಸೆ ಹೇಳಿದ್ದನ್ನೂ ನಾನೇ ಹೇಳಬೇಕಾಯಿತು; ಇವರ ಬಾಯಿಂದ ಹೊರಟದ್ದು "ಅಣ್ಣಾ" ಎಂಬ ಒಂದು ಮಾತು.

"ಬಸುರಿಗೆ ಮೀನು ಕಣಣ್ಣ ಅಂತ ಒಂದು ಮಾತು ಅಂದಿದ್ರೆ," ಎಂದ ಮುದುಕ, "ಆಶೀರ್ವಾದ ಮಾಡಿ ಕಳಿಸ್ತಿದ್ದೆ. ಬಸುರಿ ಪಾಲು ಕೇಳೋಕೆ ನಾನೇನು ತೋಳನೇನೋ? ಬಾಯಿಂದ ದಾರ ತೆಗೆಯೋಕೆ ಅಷ್ಟೊಂದು ಕಷ್ಟ ಆಯ್ತಾ?"

ಕಲ್ಬೂಬು ಚೂರಿ ತಂದಳು. ಅವನು ಬೆನ್ನಿನ ಒಂದು ರೆಕ್ಕೆಯನ್ನು ಮಾತ್ರ, ಮಾಂಸ ಹರಿಯದಂತೆ, ಕುಯ್ದು ತೆಗೆದುಕೊಂಡ. "ಇದು ನನ್ನ ಪಾಲು. ಮೀನು ಮುಕ್ಕಾಗ್ಲಿಲ್ಲ, ತಲೆ ಬಾಲ ಎರಡೂ ಇದೆ. ಹೋಗಮ್ಮ, ಬೇಯಿಸು."

ಕನಿಶಾಯ್ ತಿಂದಳು. ಮುಳ್ಳುಗಳನ್ನೂ ಚೀಪಿದಳು. ವಸಂತದಲ್ಲಿ ಹೆಣ್ಣು ಮಗು ಹುಟ್ಟಿತು, ಉಳಿಯಿತು. ಬೇಯಿಶೆಬಾಯ್ ಬಂದು ಮಗುವಿನ ಕಿವಿಯಲ್ಲಿ ಹೆಸರು ಕೂಗಿ, ನಮ್ಮ ಮನೆಯಲ್ಲಿ ಹಿರಿಯರು ಕೂರುವ ಎತ್ತರದ ಜಾಗದಲ್ಲಿ ಕೂತು ಊಟ ಮಾಡಿದ. ಅವನ ಮನಸ್ಸಿನಲ್ಲಿ ಮುನಿಸು ಇರಲಿಲ್ಲ. ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಆದರೆ ನನ್ನ ಗಂಡನನ್ನು ಅವನು ಮತ್ತೆ ಯಾವತ್ತೂ ಶಿರಾಲ್ಗಾ ಕೇಳಲಿಲ್ಲ. ಕೇಳಿ ನಾಚಿಸುವುದು ಬೇಡ ಎಂದುಕೊಂಡನೇನೋ. ಇವರು ಪಾಲು ಕುಯ್ದು ಅವನ ಮನೆಗೆ ಕೊಟ್ಟು ಬಂದರೆ ಕಲ್ಬೂಬು ತೆಗೆದುಕೊಳ್ಳುತ್ತಿದ್ದಳು. ಕೇಳದೆ ಕೊಟ್ಟದ್ದು ಶಿರಾಲ್ಗಾ ಆಗುವುದಿಲ್ಲ.

ಅಂದಿನಿಂದ ಇವರು ದಡ ಮುಟ್ಟುವ ಎಷ್ಟೋ ಮೊದಲೇ ದಾರ ಸುತ್ತಿಟ್ಟು, ಹುಟ್ಟು ಬಿಟ್ಟು, ಸಿಕ್ಕಿದ್ದನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು, "ಮೀನಿದೆ! ಮೀನು ಸಿಕ್ಕಿದೆ!" ಎಂದು ಕೂಗತೊಡಗಿದರು. ಗೇಣುದ್ದದ್ದು ಸಿಕ್ಕರೂ ಅಷ್ಟೇ. ಮಾತೇ ಆಡದ ಮನುಷ್ಯ ಹೀಗೆ ಕೂಗುವುದನ್ನು ಕೇಳಿ ಊರಿನವರು, "ಸಗಿನಾಲಿಗೆ ವಯಸ್ಸಾದ ಹಾಗೆ ಜಂಬ ಬಂತು" ಎಂದು ನಕ್ಕರು. ಆ ಕೂಗು ಕಲ್ಲಿನ ಮೇಲೆ ಕೂತವನಿಗೆಂದು ಅವರಿಗೆ ಗೊತ್ತಿರಲಿಲ್ಲ.

ಬೇಯಿಶೆಬಾಯ್ ಸಾಯುವ ಹಿಂದಿನ ಶರತ್ಕಾಲದಲ್ಲಿ ಒಂದು ದಿನ ಎರಡು ದೋಣಿಗಳು ಒಟ್ಟಿಗೆ ದಡಕ್ಕೆ ಬಂದವು. ಒಂದು ಇವರದು, ಇನ್ನೊಂದು ಕೆಳಕೇರಿಯವನದು. ಮುದುಕ ಕಲ್ಲಿನಿಂದ ಕಷ್ಟಪಟ್ಟು ಎದ್ದು, ಕೆಳಕೇರಿಯವನ ಕಡೆ ಕೈಚಾಚಿ, "ಶಿರಾಲ್ಗಾ!" ಎಂದ. ಆಮೇಲೆ ಇವರ ಕಡೆ ತಿರುಗಿ, "ಒಳ್ಳೆ ಮೀನು ಕಣೋ. ಮೊಮ್ಮಗಳು ಚೆನ್ನಾಗಿದಾಳಾ?" ಎಂದು ವಿಚಾರಿಸಿದ.

ಚೆನ್ನಾಗಿದಾಳೆ ಎಂದರು ಇವರು. ಅವನು ಪಾಲು ತೆಗೆದುಕೊಂಡು ಮನೆಯ ಕಡೆ ಹೋದ. ದೋಣಿ ಕಲ್ಲಿಗೆ ತಾಗಿ ನಿಂತಿತ್ತು. ನನ್ನ ಗಂಡ ಮೀನನ್ನು ಎತ್ತಿ ಹಿಡಿದೇ ಕೂತಿದ್ದರು. ಮುದುಕ ಮರೆಯಾದ ಮೇಲೂ ಇಳಿಸಲಿಲ್ಲ.