ಹೆಸರಿಲ್ಲದ ಜಾತಕ ಹಿಡಿದು ತಂಬೂರಿಗೆ

ಕುಂದಗೋಳದಿಂದ ಬೆಳಿಗ್ಗೆ ಏಳರ ಬಸ್ಸು ಹತ್ತಿದೆ. ಸರ್ಕಾರಿ ಬಸ್ಸಿನಲ್ಲಿ ಈಗ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಚೀಲದಲ್ಲಿ ಅಮೆರಿಕದ ಪ್ರಸಿದ್ಧ ಕಾದಂಬರಿಕಾರ್ತಿಯೊಬ್ಬಳ ಜಾತಕವಿತ್ತು. ಅವಳ ಜೀವನ ಚರಿತ್ರೆಯನ್ನು ಮೂರು ವರ್ಷಗಳಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹುಟ್ಟಿದ ದಿನ, ವೇಳೆ ಅವಳ ತಾಯಿಯ ಪತ್ರವೊಂದರಲ್ಲಿ ಸಿಕ್ಕಿದ್ದವು. ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಯಲ್ಲಿ ಕುಂಡಲಿ ಹಾಕಿಸಿ, ಹೆಸರು ಮಾತ್ರ ಬರೆಸಿರಲಿಲ್ಲ.

ಹೊರಟಿದ್ದು ಕಲಘಟಗಿ ಹತ್ತಿರದ ತಂಬೂರು ಎಂಬ ಹಳ್ಳಿಯ ಜ್ಯೋತಿಷಿ ಅಯ್ಯನವರ ಮನೆಗೆ. ನನಗೆ ವಿದ್ಯಾಯೋಗವಿಲ್ಲ ಎಂದು ಅವರು ಹೇಳಿದ್ದಕ್ಕೇ ಅಪ್ಪ ಏಳನೆಯ ತರಗತಿಗೆ ನನ್ನ ಶಾಲೆ ಬಿಡಿಸಿದ್ದ. ಎರಡು ಮಕ್ಕಳಾದ ಮೇಲೆ ಪರೀಕ್ಷೆ ಕಟ್ಟಿ ಶಿಕ್ಷಕಿಯಾದೆ. ಈ ಕುಂಡಲಿಗೆ ಅವರು ಏನೆನ್ನುತ್ತಾರೋ ಕೇಳಿಯೇ ಬರಬೇಕೆಂದು ನಿಶ್ಚಯಿಸಿದ್ದೆ.

ಕಲಘಟಗಿಯಲ್ಲಿ ಜಿಟಿಜಿಟಿ ಮಳೆ. ನಿಲ್ದಾಣದ ಬಾಜು ಮಂಡಕ್ಕಿಯ ಗಿರ್ಮಿಟ್ಟು ತಿಂದು, ಮುಕ್ಕಾಲು ಗಂಟೆ ಕಾದು ತಂಬೂರಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಭತ್ತದ ಗದ್ದೆಗಳಲ್ಲಿ ನೀರು ನಿಂತಿತ್ತು.

ಅಯ್ಯನವರಿಗೆ ಎಂಬತ್ತು ದಾಟಿದೆ. ನನ್ನ ಗುರುತು ಹತ್ತಲಿಲ್ಲ. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು.

"ಹೆಣ್ಮಗಳದಲ್ರಿ? ವಿದ್ಯಾಸ್ಥಾನ ಅಗದಿ ಕೆಟ್ಟೈತಿ. ಇಕಿಗೆ ಅಕ್ಷರ ಹತ್ತೂದಿಲ್ಲ. ಓದಸಾಕ ಹೋಗಬ್ಯಾಡ್ರಿ."

"ಇಕಿ ಅಮೆರಿಕದಾಕಿರಿ. ಹತ್ತೊಂಬತ್ತು ಕಾದಂಬರಿ ಬರದಾಳ," ಎಂದೆ. "ಗಂಡ ಸತ್ತ ಮ್ಯಾಲೆ ಮಂದಿ ಅರಿವಿ ಒಗಕೋತ ಬರದ್ಲು. ಮೊದಲನೇ ಪುಸ್ತಕ ಹನ್ನೊಂದು ಪ್ರಕಾಶಕರ ಕಡಿಂದ ವಾಪಸ್ ಬಂತು. ಬಿಡಲಿಲ್ಲ. ನನಗೂ ನೀವು ಇದನ್ನೇ ಹೇಳಿದ್ರಿ. ಅದಕ್ಕ ಅಪ್ಪ ಸಾಲಿ ಬಿಡಿಸಿದ. ಈಗ ನಾ ಟೀಚರ್."

ಮುದುಕರು ಹಾಳೆ ಕೆಳಗಿಟ್ಟರು.

"ತಪ್ಪಾಗೇತವ್ವಾ. ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು."

ನಾನು ಹಾಳೆ ತೆಗೆದು ಚೀಲಕ್ಕೆ ಸೇರಿಸಿದೆ. ಚಹಾ ತಂದಿದ್ದ ಸೊಸೆ ಬಾಗಿಲಲ್ಲೇ ನಿಂತಿದ್ದಳು.

"ಹಂಗಾರ ನನ್ನ ಜಾತಕರಿ, ಮಾವಾರ?"

ಅವಳು ಪದವಿ ಮುಗಿಸಿದವಳು. ಮುಂದೆ ಓದುವುದು ಜಾತಕದಲ್ಲಿಲ್ಲವೆಂದು ಮಾವ ಬಿ.ಎಡ್. ಅರ್ಜಿ ತುಂಬಲು ಬಿಟ್ಟಿರಲಿಲ್ಲ.

"ಅರ್ಜಿಗೆ ಇವತ್ತ ಕಡೀ ದಿನಾರಿ," ಎಂದಳು.

ಅವರು ತಲೆ ಎತ್ತಲಿಲ್ಲ. "ಕಾಗದಪತ್ರ ತಗೊ. ಟೀಚರ್ ಜೋಡಿ ಕಲಘಟಗಿಗೆ ಹೋಗಿ ಅರ್ಜಿ ತುಂಬಿ ಬಾ."

ಮರಳುವ ಬಸ್ಸಿನಲ್ಲಿ ಅವಳು ಅಂಕಪಟ್ಟಿಗಳನ್ನು ಸೆರಗಿನೊಳಗೆ ಹಿಡಿದು ಕೂತಿದ್ದಳು. ಊರು ಹಿಂದೆ ಬಿದ್ದ ಮೇಲೆ ಕೇಳಿದಳು:

"ಆ ಅಮೆರಿಕದಾಕಿ ಮೊದಲನೇ ಪುಸ್ತಕ ಬರದಾಗ ವಯಸ್ಸೆಷ್ಟಿತ್ತರಿ?"

"ನಲವತ್ತೊಂದು."

"ನನಗಿನ್ನೂ ಇಪ್ಪತ್ತಾರ್ರಿ," ಎಂದಳು. ಕಲಘಟಗಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಎದ್ದು ಬಾಗಿಲ ಹತ್ತಿರ ನಿಂತಳು.