ಬೆಳ್ಳಿ ಡಬ್ಬಿಯ ಮೇಣ

ಚಳಿ ಬಿದ್ದ ಮೇಲೆ ಮೊನ್ನೆ ಈ ವರ್ಷದ ಮೊದಲ ಮೇಣ ಕಾಯಿಸಿದೆ. ಕುದಿಯುವ ನೀರಿನ ಪಾತ್ರೆಯೊಳಗೆ ಕಂಚಿನ ಬಟ್ಟಲು ಇಟ್ಟು, ಚಾಕುವಿನಿಂದ ಹೆರೆದ ಜೇನುಮೇಣವನ್ನು ಅದಕ್ಕೆ ಹಾಕಿದೆ. ಮೇಣ ಅಂಚಿನಿಂದ ಕರಗುತ್ತಾ ಬಂತು, ಹಳದಿ ನೀರಾಯಿತು, ವಾಸನೆ ಎದ್ದಿತು. ಆ ವಾಸನೆಯ ಹಿಂದೆಯೇ ಆಕೆಯೂ ನೆನಪಿಗೆ ಬಂದಳು. ಕರೆಯದೆ ಒಳಗೆ ಬರುವುದು ಆಕೆಗೆ ಮೊದಲಿನಿಂದಲೂ ಅಭ್ಯಾಸ.

ಆಕೆ ಎಂದರೆ ನಮ್ಮ ಎದುರು ಮನೆಯಾಕೆ. ಚಿಕ್ಕವಳಿದ್ದಾಗ ನಾನು ಚಿಗವ್ವ ಎಂದು ಕರೆಯುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ, ಅವ್ವನನ್ನು ಆಕೆ ಅಕ್ಕಾ ಎನ್ನುತ್ತಿದ್ದಳು, ಅದಕ್ಕೇ ನನಗೆ ಚಿಗವ್ವ. ಆಕೆಗೊಂದು ಹೆಸರೂ ಇತ್ತು, ಚೆಂದದ ಹೆಸರೇ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮವ್ವನ ಹೆಸರು ಕೆಡಿಸಿದವಳ ಹೆಸರನ್ನು ನಾನು ಬರೆದು ಉಳಿಸಬೇಕೇ?

ಆಗಿನ್ನೂ ಮದರಾಸಿನ ಸರ್ಕಾರ. ನಮ್ಮ ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬೆಟ್ಟದ ಬುಡದ ಒಂದು ಓಣಿಯಲ್ಲಿ ನಮ್ಮ ಮನೆ. ಅಪ್ಪ ದರ್ಜಿ. ನನಗೆ ಏಳು ವರ್ಷವಾಗಿದ್ದಾಗ ಜ್ವರ ಬಂದು ತೀರಿಕೊಂಡ. ಅವನು ಬಿಟ್ಟುಹೋದದ್ದು ಒಂದು ಕತ್ತರಿ, ಸೂಜಿಗಳ ಬಿದಿರು ನಳಿಕೆ, ಒಂದು ಮೇಣದ ಉಂಡೆ. ಹೊಲಿಯುವ ದಾರ ಎಳೆ ಬಿಡಬಾರದೆಂದು ದರ್ಜಿಗಳು ಅದನ್ನು ಮೇಣದ ಮೇಲೆ ಎಳೆದುಕೊಳ್ಳುತ್ತಾರೆ. ವರ್ಷಗಟ್ಟಲೆ ಎಳೆದು ಎಳೆದು ಆ ಉಂಡೆಯ ತುಂಬ ಗೀರು ಬಿದ್ದಿದ್ದವು. ಅಪ್ಪನ ಕೈ ಓಡಾಡಿದ ದಾರಿ ಅದು ಎಂದು ಅವ್ವ ಒಮ್ಮೆ ಹೇಳಿದ್ದಳು. ಆಮೇಲೆ ಅವಳೇ ಸೂಜಿ ಹಿಡಿದು ಓಣಿಯ ಹೆಂಗಸರ ಕುಪ್ಪಸ, ಮಕ್ಕಳ ಅಂಗಿ, ಕುಲಾವಿ ಹೊಲಿದು ನನ್ನನ್ನು ಸಾಕಿದಳು.

ಹೊಲಿಯುವವರ ತುಟಿ ಬೇರೆಯವರ ತುಟಿಯಂತಲ್ಲ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಬೇಕು, ಗಂಟು ಹಾಕಿದ ಮೇಲೆ ಹಲ್ಲಲ್ಲಿ ಕಚ್ಚಿ ತುಂಡು ಮಾಡಬೇಕು. ಮಾರ್ಗಶಿರದ ಒಣಗಾಳಿ ಬಯಲಿನಿಂದ ಬೀಸಿ ಬಂದರೆ ಊರಿನವರ ತುಟಿಯೆಲ್ಲ ಬಿರಿಯುತ್ತಿತ್ತು, ಅವ್ವನ ತುಟಿಯಂತೂ ಸೀಳುತ್ತಿತ್ತು. ಅದಕ್ಕೇ ಅವಳು ದಾರದ ಮೇಣದಲ್ಲಿ ಒಂದಿಷ್ಟು ಹೆರೆದು ಕರಗಿಸಿ, ಹರಳೆಣ್ಣೆ ಬೆರೆಸಿ, ಒಂದು ಚಮಚ ಮನೆಯ ತುಪ್ಪ ಹಾಕಿ ತುಟಿಗೆ ಹಚ್ಚುವ ಮೇಣ ಮಾಡುತ್ತಿದ್ದಳು. ಇಷ್ಟನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದೇನನ್ನೋ ಕೊನೆಗೆ ಹಾಕುತ್ತಿದ್ದಳು. ಸರಿಯಾಗಿ ಆ ಹೊತ್ತಿಗೇ, “ಹೋಗವ್ವ, ಡಬ್ಬಿ ಒರಸಿ ತಾ” ಎಂದು ನನ್ನನ್ನು ಪಡಸಾಲೆಗೆ ಅಟ್ಟುತ್ತಿದ್ದಳು. ಖಾಲಿಯಾದ ನಶ್ಯದ ಡಬ್ಬಿಗಳನ್ನು ನಾನು ಒರೆಸಿ ತರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಏನು ಹಾಕಿದೆ ಎಂದರೆ, “ನಿನ್ನ ಮದಿವಿ ಆಗ್ಲಿ, ಹೇಳ್ತೀನಿ” ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತ ಚಿಗವ್ವ ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದಳು. ಆಕೆಗೆ ಗೊತ್ತಿತ್ತು. ಆಕೆಯನ್ನು ಅವ್ವ ಎಂದೂ ಪಡಸಾಲೆಗೆ ಅಟ್ಟಲಿಲ್ಲ.

ಆ ಮೇಣ ಹೇಗಿತ್ತು ಎಂದರೆ... ಬೆರಳು ತಾಗಿಸಿದರೆ ಸಾಕು, ಬೆಣ್ಣೆಯಂತೆ ಬರುತ್ತಿತ್ತು. ಹಚ್ಚಿಕೊಂಡು ಮಲಗಿದರೆ ಬೆಳಿಗ್ಗೆ ತುಟಿ ಮಗುವಿನ ತುಟಿ. ಓಣಿಯವರೆಲ್ಲ ಒಂದೊಂದು ಡಬ್ಬಿ ಕೇಳಿ ಒಯ್ಯುತ್ತಿದ್ದರು.

ನನಗೆ ಹತ್ತು ತುಂಬಿದ ವರ್ಷ ಚಳಿ ಜೋರಾಗಿತ್ತು. ಕೇಳಿದವರಿಗೆಲ್ಲ ಮಾಡಿಕೊಟ್ಟು ಅಪ್ಪನ ಉಂಡೆಯಲ್ಲಿ ಗೋಲಿಯಷ್ಟು ಮಾತ್ರ ಉಳಿಯಿತು. ಅದನ್ನು ಅವ್ವ ಮುಟ್ಟಲು ಒಪ್ಪಲಿಲ್ಲ. ಆಗ ಒಂದು ಗುರುವಾರ ಮಧ್ಯಾಹ್ನ ಚಿಗವ್ವ ಸೆರಗಿನೊಳಗೆ ಏನೋ ಮುಚ್ಚಿಕೊಂಡು ಬಂದಳು. ತೆಗೆದು ನೋಡಿದರೆ ಆಕೆಯ ಬೆಳ್ಳಿಯ ಮೇಣದ ಡಬ್ಬಿ.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆ ಕಾಲದಲ್ಲಿ ಗಂಡನಿದ್ದ ಹೆಂಗಸರು ಹಣೆಗೆ ಮೊದಲು ಮೇಣ ಹಚ್ಚಿ ಅದರ ಮೇಲೆ ಕುಂಕುಮದ ಪುಡಿ ಒತ್ತುತ್ತಿದ್ದರು. ಮೇಣವಿಲ್ಲದಿದ್ದರೆ ಕುಂಕುಮ ನಿಲ್ಲುತ್ತಿರಲಿಲ್ಲ. ಮದುವೆಯಲ್ಲಿ ಬಂದ ಆ ಡಬ್ಬಿ ತಾಳಿಯಷ್ಟೇ ದೊಡ್ಡದು. ಗಂಡ ಸತ್ತ ದಿನ ಅದನ್ನು ಹೆಂಡತಿಯ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ಅವ್ವ ದಾರದ ಮೇಣವನ್ನು ಮುಟ್ಟಬಹುದಿತ್ತು, ಅದು ಕಸುಬಿನದು. ಕುಂಕುಮದ ಮೇಣವನ್ನು ಮುಟ್ಟುವಂತಿರಲಿಲ್ಲ. ಎರಡೂ ಒಂದೇ ಜೇನಿನದ್ದಾದರೂ ಅಷ್ಟೇ.

“ಏ, ಮುತ್ತೈದಿ ಮೇಣ ಅದು. ನಿಮ್ಮತ್ತಿಗೆ ಗೊತ್ತಾದ್ರ ಸುಮ್ನ ಬಿಡ್ತಾರೇನು?” ಎಂದು ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

“ಆಕಿಗೇನು ಗೊತ್ತಾಗತೈತಿ ಅಕ್ಕಾ. ಅರ್ಧ ಹೆರಕೊಂಡು ಡಬ್ಬಿ ಇಲ್ಲೇ ಇಟ್ಟಿರು, ಸಂಜಿಗೆ ಬಂದು ಒಯ್ತೀನಿ. ನನ್ನ ತುಟಿ ನೋಡಿಲ್ಲಿ, ನಗಾಕೂ ಬರವಲ್ದು.”

ಡಬ್ಬಿಯನ್ನು ಅವ್ವನ ಮಡಿಲಲ್ಲಿ ಹಾಕಿಯೇ ಹೋದಳು. ನಾನು ಅಲ್ಲೇ ಗುಂಡಿ ಹೊಲಿಯುತ್ತಾ ಕೂತಿದ್ದೆ. ಎರಡು ಕಣ್ಣಿಂದ ನೋಡಿದ್ದೇನೆ.

ಸಂಜೆ ಆಕೆ ಬರುವುದನ್ನು ಮರೆತಳು. ಮರುದಿನ ಶುಕ್ರವಾರ. ಆಕೆಯ ಅತ್ತೆ ತಲೆಗೆ ನೀರು ಹಾಕಿಕೊಂಡು ಬಂದು, ಸೊಸೆಯ ಹಣೆ ಬರಿದಾಗಿರುವುದನ್ನು ಕಂಡು, ಡಬ್ಬಿ ಎಲ್ಲಿ ಎಂದಳು. ಮನೆಯೆಲ್ಲ ಹುಡುಕಾಯಿತು. ಕೊನೆಗೆ ಆ ಮುದುಕಿ ಒದ್ದೆ ಕೂದಲಲ್ಲೇ ಓಣಿ ದಾಟಿ ನಮ್ಮ ಮನೆಗೆ ನುಗ್ಗಿದಳು. ಸೊಸೆ ಅವಳ ಬೆನ್ನಿಗೇ ಬಂದಳು. ಅವ್ವನ ಹೊಲಿಗೆಯ ಬುಟ್ಟಿಯಲ್ಲಿ ಬೆಳ್ಳಿ ಡಬ್ಬಿ ಹೊಳೆಯುತ್ತಿತ್ತು. ಆಗಷ್ಟೇ ಹೊಸ ಮೇಣವನ್ನು ತುಟಿಗೆ ಹಚ್ಚಿ ನೋಡಿದ್ದಳು ಅವ್ವ, ತುಟಿಯೂ ಹೊಳೆಯುತ್ತಿತ್ತು.

“ನನ್ನ ಮಗ ಇನ್ನಾ ಜೀವಂತ ಅದಾನ! ಅವನ ಹೇಂತಿ ಮೇಣ ಮುಂಡಿ ಮನ್ಯಾಗ ಹ್ಯಾಂಗ ಬಂತು?” ಎಂದು ಮುದುಕಿ ಕೂಗಿದ ಕೂಗಿಗೆ ಓಣಿಯೇ ಬಾಗಿಲಿಗೆ ಬಂತು.

ಎಲ್ಲರೂ ಚಿಗವ್ವನ ಮುಖ ನೋಡಿದರು. ನಾನೂ ನೋಡಿದೆ. ಈಗ ಹೇಳುತ್ತಾಳೆ, ನಾನೇ ಕೊಟ್ಟೆ ಅನ್ನುತ್ತಾಳೆ ಎಂದು ಕಾದೆ. ಆಕೆ ಒಮ್ಮೆ ಅತ್ತೆಯನ್ನು ನೋಡಿದಳು, ಒಮ್ಮೆ ನೆಲ ನೋಡಿದಳು.

“ನಂಗೇನು ಗೊತ್ತಿಲ್ರಿ ಅತ್ತಿ. ಗೂಡಿನಾಗ ಇಟ್ಟಿದ್ದೆ. ಆಕಿನ ಬಂದು ಒಯ್ದಿರಬೇಕು. ಗಂಡ ಸತ್ತರೂ ಆಕಿಗೆ ಆಸಿ ಹೋಗಿಲ್ಲ. ತುಟಿ ನೋಡ್ರಿ, ಹ್ಯಾಂಗ ಮಿಂಚತಾವ.”

“ಸುಳ್ಳು! ನಿನ್ನಿ ನೀನ ಕೊಟ್ಟಿ, ನಾ ನೋಡೀನಿ!” ಎಂದು ಕಿರುಚಿದೆ.

“ಅವ್ವ ಕದಿಯಾದು, ಮಗಳು ಸುಳ್ಳು ಹೇಳಾದು. ಚಲೋ ಕಲಿಸ್ಯಾಳ,” ಎಂದಳು ಚಿಗವ್ವ. ನನ್ನ ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದಳು.

ನಾನು ಇನ್ನೇನೋ ಹೇಳಹೋದರೆ ಅವ್ವ ನನ್ನ ರಟ್ಟೆ ಹಿಡಿದು ಹಿಂಡಿದಳು. ಬೆರಳಿನ ಗುರುತು ಮೂರು ದಿನ ಇತ್ತು. ಎಲ್ಲರೂ ಹೋದ ಮೇಲೆ ಸೆರಗಿನಿಂದ ತುಟಿ ಒರೆಸಿಕೊಂಡಳು. ಒರೆಸಿಯೇ ಒರೆಸಿದಳು. “ಆಕಿ ಖರೆ ಹೇಳಿದ್ರ ತವರಿಗೆ ಅಟ್ಟತಿದ್ರು. ಮಕ್ಕಳಿಲ್ಲ, ಏನಿಲ್ಲ, ಪಾಪ. ನಮ್ಮದು ಬಿಡು, ತಿಳಿದವರಿಗೆ ತಿಳಿತೈತಿ,” ಎಂದಳು.

ಪಾಪವಂತೆ! ಯಾರಿಗೂ ತಿಳಿಯಲಿಲ್ಲ. ಕನ್ನಡದಲ್ಲಿ ಆಡಿಕೊಂಡದ್ದು ಸಾಲದೆಂದು ತೆಲುಗಿನಲ್ಲೂ ಆಡಿಕೊಂಡರು. ಕದಿಯುವವಳ ಕೈಗೆ ಯಾರು ಬಟ್ಟೆ ಕೊಡುತ್ತಾರೆ, ಹಣೆಯ ಮೇಲೆ ಆಸೆ ಇರುವ ವಿಧವೆಯಿಂದ ಯಾರು ಕುಪ್ಪಸ ಹೊಲಿಸುತ್ತಾರೆ? ಸಂಕ್ರಾಂತಿಯ ಹೊತ್ತಿಗೆ ಒಂದು ಮನೆಯಿಂದಲೂ ಹೊಲಿಗೆ ಬರಲಿಲ್ಲ. ಅರ್ಧ ಹೊಲಿದವನ್ನೂ ವಾಪಸ್ ಕೇಳಿ ಒಯ್ದರು. ಕೊನೆಗೆ ಮಡಕಶಿರಾದ ಆಚೆ, ಗುಡಿಬಂಡೆಯ ಕಡೆ ಇದ್ದ ಸೋದರಮಾವ ಬಂದು ನಮ್ಮಿಬ್ಬರನ್ನು ಕರೆದುಕೊಂಡು ಹೋದ. ನಾವು ಗಾಡಿ ಹತ್ತುವಾಗ ಎದುರು ಮನೆಯ ಬಾಗಿಲು ಮುಚ್ಚಿತ್ತು. ಅದರ ಸಂದಿಯಲ್ಲಿ ಒಂದು ಸೀರೆಯ ಅಂಚು ಕಾಣುತ್ತಿತ್ತು. ನಿನ್ನ ತುಟಿ ಸೀಳಿ ನೀರೂ ಇಳಿಯದಂತಾಗಲಿ ಎಂದು ನಾನು ಆ ಅಂಚಿಗೆ ಶಾಪ ಹಾಕಿದೆ.

ಮಾವನ ಮನೆಯಲ್ಲಿ ಅವ್ವ ಶೇಂಗಾ ಸುಲಿದಳು, ರಾಗಿ ಬೀಸಿದಳು, ಆ ಮನೆಯವರ ಹರಕುಗಳನ್ನೆಲ್ಲ ಹೊಲಿದಳು. ಮೇಣವನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ದಾರಕ್ಕೂ ಹಚ್ಚಲಿಲ್ಲ. ಚಳಿಯಲ್ಲಿ ಅವಳು ದಾರ ಕಚ್ಚಿದರೆ ಬಿಳಿ ಬಟ್ಟೆಯ ಮೇಲೆ ಸಾಸಿವೆಯಷ್ಟು ರಕ್ತ ಬೀಳುತ್ತಿತ್ತು. ಅವಳೇ ಅದನ್ನು ಉಜ್ಜಿ ತೊಳೆಯುತ್ತಿದ್ದಳು. ಎಣ್ಣೆಯನ್ನಾದರೂ ಹಚ್ಚಿಕೊ ಎಂದು ನಾನು ಅಂಗಲಾಚುತ್ತಿದ್ದರೆ ಮಾವನ ಹೆಂಡತಿ, ನನ್ನ ಅತ್ತೆ, ಒಮ್ಮೆ ಒಲೆಯ ಮುಂದಿನಿಂದ, “ಒಡುದ್ರೆ ಒಡೀಲಿ ಬಿಡಮ್ಮಿ, ಅವಳ ತುಟೀನ ಯಾರು ನೋಡ್ಬೇಕಾಗೈತೆ,” ಎಂದಳು. ಅತ್ತೆಯ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಇದ್ದ ಸಿಟ್ಟನ್ನೆಲ್ಲ ರಾಯದುರ್ಗದ ಒಂದು ಮನೆಗೆ ಎತ್ತಿಟ್ಟಿದ್ದೆ.

ಮೂರನೆಯ ವರ್ಷ ಅವ್ವ ಎರಡೇ ದಿನ ವಾಂತಿಭೇದಿಯಾಗಿ ಹೋಗಿಬಿಟ್ಟಳು. ನನ್ನ ಮದುವೆ ಆಗಿರಲಿಲ್ಲ. ಹೇಳಬೇಕಾದದ್ದನ್ನು ಅವಳು ಹೇಳಿರಲಿಲ್ಲ.

ದೇವರಿಗೂ ನನ್ನಷ್ಟೇ ಹಟವಿತ್ತೆಂದು ಕಾಣುತ್ತದೆ. ನನ್ನನ್ನು ಕೊಟ್ಟದ್ದು ರಾಯದುರ್ಗಕ್ಕೇ, ಅದೇ ಓಣಿಯ ಕೊನೆಯ ಮನೆಗೆ. ನನ್ನ ಗಂಡನೂ ದರ್ಜಿ. ಮೊದಲ ಚಳಿಗಾಲ ಬಂದಾಗ ಅವನ ದಾರದ ಮೇಣ ತೆಗೆದುಕೊಂಡು, ನೆನಪಿದ್ದಷ್ಟನ್ನು ಹಾಕಿ ಕಾಯಿಸಿದೆ. ಅವ್ವನದರಂತೆ ಆಗಲಿಲ್ಲ. ಆರಿದ ಮೇಲೆ ಹರಳು ಹರಳಾಯಿತು, ತುಟಿಗೆ ಉಜ್ಜಿದರೆ ರವೆ ಉಜ್ಜಿದ ಹಾಗೆ. ಆದರೂ ಕೆಲಸಕ್ಕೆ ಬರುತ್ತಿತ್ತು.

ಅದರಿಂದಲೇ ನನ್ನ ಸೇಡು ಶುರುವಾಯಿತು. ಪ್ರತಿ ವರ್ಷ ಮಾರ್ಗಶಿರದಲ್ಲಿ ಡಬ್ಬಿಗಳನ್ನು ಮರದ ಪರಾತದಲ್ಲಿ ಇಟ್ಟುಕೊಂಡು, ನಡುಹಗಲಲ್ಲಿ, ಎಲ್ಲರೂ ನೋಡುವಾಗ ಓಣಿಯ ಮನೆಮನೆಗೂ ಹಂಚುತ್ತಿದ್ದೆ. ಆಕೆಯ ಎಡಗಡೆ ಮನೆಗೆ ಕೊಡುತ್ತಿದ್ದೆ, ಬಲಗಡೆ ಮನೆಗೆ ಕೊಡುತ್ತಿದ್ದೆ. ಆಕೆಯ ಬಾಗಿಲ ಮುಂದೆ ಮಾತ್ರ ನಿಧಾನವಾಗಿ ನಡೆದು ಹೋಗುತ್ತಿದ್ದೆ. ನಮ್ಮವ್ವ ಕಳ್ಳಿ ಎಂದವರೆಲ್ಲ ಅವಳ ಮೇಣಕ್ಕೆ ಕೈ ಚಾಚುತ್ತಿದ್ದರು, “ನಿಮ್ಮವ್ವನ ಕೈ ಗುಣ ಬಂದೈತೆ ನಿನಗ” ಎನ್ನುತ್ತಿದ್ದರು. ಕಟ್ಟೆಯ ಮೇಲೆ ಕೂತ ಆಕೆ ಅದನ್ನು ಕೇಳುತ್ತಿದ್ದಳು. ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು ನನಗೆ, ಸುಳ್ಳೇಕೆ ಹೇಳಲಿ.

ಹೀಗೆ ಐದು ಚಳಿಗಾಲ ಕಳೆದವು. ಆರನೆಯ ವರ್ಷ ಆಕೆಯ ಗಂಡ ತೀರಿಕೊಂಡ. ಅತ್ತೆ ಇನ್ನೂ ಗಟ್ಟಿಯಾಗಿದ್ದಳು. ಬೆಳ್ಳಿ ಡಬ್ಬಿಯನ್ನು ಆ ಮುದುಕಿಯೇ ಕಿತ್ತುಕೊಂಡಳಂತೆ.

ಆ ವರ್ಷ ಹಂಚಿ ಮುಗಿಸಿ ಬಂದ ಮಧ್ಯಾಹ್ನ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಆಕೆ. ಬರಿ ಹಣೆ, ಬರಿ ಕೈ. ತುಟಿ ಎರಡು ಕಡೆ ಸೀಳಿ ಕಪ್ಪುಗಟ್ಟಿತ್ತು. ನಾನು ಹಾಕಿದ ಶಾಪ ಕಣ್ಣೆದುರಿಗೇ ನಿಂತಿತ್ತು.

“ಒಂದೀಟು ಮೇಣ ಕೊಡವ್ವ,” ಎಂದಳು.

ಈ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ! ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. “ಇದು ಮೇಣ ರೀ. ಗಂಡ ಸತ್ತಾಕಿ ತುಟಿ ಮಿಂಚಿಸಬಾರದಲ್ರೀ. ನೀವ ಹೇಳಿದ್ದು, ಮರೆತ್ರೇನು?” ಎಂದೆ. ಚಿಗವ್ವ ಅನ್ನಲಿಲ್ಲ, ಪರರಿಗೆ ಹೇಳುವ ಹಾಗೆ ರೀ ಹಚ್ಚಿ ಮಾತಾಡಿದೆ. ಕೈಯಲ್ಲಿದ್ದ ಡಬ್ಬಿ ತೆರೆದು, ಆಕೆ ನೋಡುತ್ತಿದ್ದ ಹಾಗೆಯೇ ನನ್ನ ತುಟಿಗೆ ಹಚ್ಚಿಕೊಂಡೆ.

ಆಕೆ ಅಳಲಿಲ್ಲ. ಡಬ್ಬಿಯ ಕಡೆ ಬಗ್ಗಿ ನೋಡಿದಳು, ವಾಸನೆ ಎಳೆದುಕೊಂಡಳು.

“ಮರೆತಿಲ್ಲವ್ವ. ಕೊಡಬ್ಯಾಡ ಬಿಡು, ನಾ ಕೇಳಬಾರದಿತ್ತು. ಆದ್ರ ಇದು ಹರಳುಗಟ್ಟೈತೆಲ್ಲ... ನಿಮ್ಮವ್ವ ಕಡೀಕ ಹಾಕತಿದ್ದುದನ್ನ ನೀ ಹಾಕಿಲ್ಲ. ನಿಂಗ ಗೊತ್ತಿಲ್ಲಂತ ಕಾಣತೈತಿ. ಅದನ್ನ ಹೇಳಿ ಹೋಗಾಮು ಅಂತಾನೂ ಬಂದೆ. ಅಕ್ಕ ಏನು ಮಾಡತಿದ್ಲು ಅಂದ್ರ...”

ಅಕ್ಕ! ಆ ಬಾಯಿಂದ ಮತ್ತೆ ಅಕ್ಕ! ತಲೆಯೊಳಗೆ ಕೊಳ್ಳಿ ಇಟ್ಟ ಹಾಗಾಯಿತು.

“ನಮ್ಮವ್ವನ ಸುದ್ದಿ ನಿನ್ನ ಬಾಯಾಗ ಬರಬಾರದು. ನಡಿ ಇಲ್ಲಿಂದ!” ಎಂದು ಬಾಗಿಲು ಹಾಕಿ ಅಗಳಿ ಜಡಿದೆ.

ಆಚೆ ಆಕೆ ಸ್ವಲ್ಪ ಹೊತ್ತು ನಿಂತಿದ್ದಳು. ಬಾಗಿಲ ಕೆಳಗಿನ ಬೆಳಕಿನಲ್ಲಿ ಕಾಲಿನ ನೆರಳು ಕಾಣುತ್ತಿತ್ತು. ಆಮೇಲೆ ಅದೂ ಹೋಯಿತು.

ಆಕೆಯ ಅತ್ತೆ ಆ ತಿಂಗಳೇ ಸೊಸೆಯನ್ನು ಡಿ. ಹಿರೇಹಾಳಿನ ತವರಿಗೆ, ಆಕೆಯ ತಮ್ಮನ ಮನೆಗೆ ಅಟ್ಟಿದಳು. ನಮ್ಮವ್ವ ಯಾವುದನ್ನು ತಪ್ಪಿಸಬೇಕೆಂದು ಬಾಯಿ ಮುಚ್ಚಿಕೊಂಡು ನಿಂತಿದ್ದಳೋ ಅದು ಕೊನೆಗೂ ಆಯಿತು. ಮುಂದಿನ ಚಳಿಗೆ ನನ್ನ ಮೇಣ ಮತ್ತೆ ಹರಳಾದಾಗ, ಯಾರ ಕೈಯಲ್ಲಾದರೂ ಹೇಳಿ ಕಳಿಸಿ ಕೇಳಿಸೋಣವೇ ಎಂದು ಒಂದು ವಾರ ಒಳಗೊಳಗೇ ಗುದ್ದಾಡಿದೆ. ಹಟ ಬಿಡಲಿಲ್ಲ. ಆ ಕಡೆಯಿಂದ ಬಂದ ಗಾಡಿಯವನು ಆಕೆ ಬೇಸಿಗೆಯಲ್ಲೇ ಸತ್ತಳೆಂದ. ಹೌದಾ ಎಂದು ಒಳಗೆ ಬಂದೆ. ಅನ್ನಕ್ಕೆ ಎಸರಿಟ್ಟಿದ್ದೆ, ಅದು ಪೂರ್ತಿ ಬತ್ತಿಹೋಗುವವರೆಗೂ ಅಕ್ಕಿ ಹಾಕಲು ನೆನಪಾಗಲಿಲ್ಲ.

ಅಂದಿನಿಂದ ನಾನು ಹಾಕಿ ನೋಡದ ವಸ್ತುವಿಲ್ಲ. ಲವಂಗ, ಯಾಲಕ್ಕಿ, ಲಾವಂಚ, ಕಲ್ಲುಸಕ್ಕರೆ, ಎಳ್ಳೆಣ್ಣೆ, ಗುಲಾಬಿಯ ಪಕಳೆ. ವಸ್ತುವೇ ಅಲ್ಲವೇನೋ, ಕಲಕುವ ರೀತಿಯೋ, ಆರಿಸುವ ರೀತಿಯೋ... ಮೊನ್ನೆಯದೂ ಹರಳಾಗಿದೆ. ಈಗ ಡಬ್ಬಿ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅವ್ವನ ಮೇಣ ಇನ್ನು ಈ ಲೋಕದಲ್ಲಿ ಇಲ್ಲ. ಅವಳಿಂದ ನನಗೆ ಬರಬೇಕಾದದ್ದು ಅದೊಂದೇ ಇತ್ತು, ಅದು ನನ್ನ ಹಿತ್ತಲ ಬಾಗಿಲವರೆಗೂ ನಡೆದು ಬಂದಿತ್ತು.

ಕ್ಷಮಿಸಿದೆಯಾ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ. ಇವತ್ತು ಆಕೆ ಮತ್ತೆ ಹಿತ್ತಲ ಬಾಗಿಲು ಬಡಿದರೂ ನಾನು ಒಂದು ಬೊಟ್ಟು ಮೇಣ ಕೊಡುವವಳಲ್ಲ. ಆದರೆ ಚಿಗವ್ವಾ ಎಂದು ಕರೆದು ಒಳಗೆ ಕೂರಿಸುತ್ತೇನೆ, ಅವ್ವ ಕೊನೆಗೆ ಏನು ಮಾಡುತ್ತಿದ್ದಳೆಂದು ಪೂರ್ತಿ ಹೇಳಿಸಿಕೊಳ್ಳುತ್ತೇನೆ. ಬಾಗಿಲು ಹಾಕುವುದು ಆಮೇಲೆ.