ಚಹಾ ಒಳಗ ಬರತೈತಿ, ಮಾತು ಬರೂದಿಲ್ಲ

ಅಕ್ಕೋರಿಗೆ ಸಿಟ್ಟು ಬಂದದ್ದು ಮೊದಲು ಗೊತ್ತಾಗುತ್ತಿದ್ದುದು ಅವರ ಕೈಯ ಸೀಮೆಸುಣ್ಣಕ್ಕೆ. ಬರೆಯುತ್ತ ಬರೆಯುತ್ತ ಬೆರಳು ಬಿಗಿದು ಟಕ್ ಎಂದು ಮುರಿಯುತ್ತಿತ್ತು. ಇಳಕಲ್ ಸೀರೆಯ ಬಲಮಗ್ಗುಲಿಗೆ ಸದಾ ಬಿಳಿ ಬೆರಳಿನ ಗುರುತು. ಕುಳ್ಳ ಆಳು, ಬೋರ್ಡಿನ ಮೇಲಿನ ಅರ್ಧ ಅವರಿಗೆ ನಿಲುಕುತ್ತಲೇ ಇರಲಿಲ್ಲ. ಧ್ವನಿ ಮಾತ್ರ ಗೇಟಿನ ತನಕ ಹೋಗುತ್ತಿತ್ತು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಶ್ವವಿದ್ಯಾಲಯದ ಎಂ.ಕಾಂ. ತರಗತಿ ವಿಜಾಪುರದ ಒಂದು ಕಾಲೇಜಿನಲ್ಲೇ ನಡೆಯುತ್ತಿತ್ತು. ನಾನು ತಿಕೋಟಾದಿಂದ ಬಸ್ಸಿಗೆ ಬರುತ್ತಿದ್ದೆ. ಹುಡುಗಿಯರು ನಾವು ಮೂರೇ ಮಂದಿ. ಅಕ್ಕೋರು ಕಲಿಸುತ್ತಿದ್ದುದು ಸಂಘಟನೆಯ ರಚನೆ ಮತ್ತು ವರ್ತನೆ. ಒಂದು ಸಂಸ್ಥೆಯಲ್ಲಿ ಯಾರ ಕೈಕೆಳಗೆ ಯಾರು, ಹುಕುಂ ಹೇಗೆ ಇಳಿಯುತ್ತದೆ, ಮಂದಿ ಯಾಕೆ ಹಾಗೆ ನಡೆದುಕೊಳ್ಳುತ್ತಾರೆ ಎಂಬ ವಿಷಯ. ಎಲ್ಲರೂ ಅವರನ್ನು ‘ಮೇಡಂ’ ಅನ್ನುತ್ತಿದ್ದರು. ನಾವು ಹಳ್ಳಿ ಸಾಲಿಯ ರೂಢಿಯಂತೆ ‘ಅಕ್ಕೋರ’ ಅಂದುಬಿಟ್ಟೆವು. “ಹಂಗ ಅನ್ರಿ. ಮೇಡಂ ಅಂದ್ರ ಬ್ಯಾರೆ ಯಾರನ್ನೋ ಕರದಂಗ ಆಗತೈತಿ” ಅಂದರು.

ಪಠ್ಯಪುಸ್ತಕದ ತುಂಬ ಪರದೇಶದ ಮೋಟಾರು ಕಾರ್ಖಾನೆಗಳು. ಅಕ್ಕೋರು ಪುಸ್ತಕ ಮುಚ್ಚಿ ಮೇಜಿಗೆ ಕುಕ್ಕುತ್ತಿದ್ದರು. “ಕಾರ್ಖಾನಿ ಬಿಡ್ರಿ, ನಿಮ್ಮನಿ ತಗೋರಿ. ಯಜಮಾನ ಯಾರು? ಅಜ್ಜ. ನೆಲದಾಗ ಹುಗದ ಜ್ವಾಳದ ಹಗೇವು ತಗಿಯೂದು ಯಾರನ್ನ ಕೇಳಿ? ಅಜ್ಜನ ಹೇಣ್ತಿನ್ನ, ಆಯಿನ್ನ. ಈಗ ಹೇಳ್ರಿ, ಮ್ಯಾನೇಜರ್ ಯಾರು?” ಹುಡುಗರು ನಗುತ್ತಿದ್ದರು. “ನಗಬ್ಯಾಡ್ರಿ. ಗ್ವಾಡಿಗೆ ಬರದು ಹಾಕಿದ್ದು ಸಂಘಟನಿ ಅಲ್ಲ. ಯಾರು ಯಾರ ಬಾಜೂಕ ಕುಂತು ಪಿಸುಪಿಸು ಅಂತಾರ, ಅದು ಸಂಘಟನಿ.”

ಮಧ್ಯಾಹ್ನ ನಮ್ಮ ಮೂವರನ್ನೂ ಕೂರಿಸಿಕೊಂಡು ಬಬಲೇಶ್ವರದ ತವರಿನಿಂದ ಬಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಹಂಚುತ್ತಿದ್ದರು. ತಿನ್ನುವಾಗಲೂ ಬೈಗುಳ ನಿಲ್ಲುತ್ತಿರಲಿಲ್ಲ. ನನ್ನ ಮದುವೆಯ ಮಾತು ನಡೆದಾಗ ಒಂದು ಭಾನುವಾರ ತಿಕೋಟಾಕ್ಕೇ ಬಂದು ನಮ್ಮಪ್ಪನ ಎದುರು ಕೂತರು. “ಯಪ್ಪಾ, ಬೆಳಿ ಹಾಲುಗಾಳಿನ್ಯಾಗ ಇದ್ದಾಗ ಯಾರಾರ ಕೊಯ್ತಾರೇನು?” ಅಂದರು. ಅಪ್ಪ ರೈತ. ಮದುವೆಯ ಮಾತನ್ನು ಮುಂದಕ್ಕೆ ಹಾಕಿದ. ಹಾಗಾಗಿ ನಾನು ಎಂ.ಕಾಂ. ಮುಗಿಸಿದೆ.

ಈಗ, ಇಂದಿಗೂ ಆರದ ನನ್ನ ಸಿಟ್ಟಿನ ಕಾರಣಕ್ಕೆ ಬರುತ್ತೇನೆ. ಕಾಲೇಜಿನ ಗೇಟಿನ ಎದುರಿಗೊಂದು ಚಹಾದಂಗಡಿ ಇತ್ತು. ಸಂಜೆಯಾದರೆ ಗಂಡಸು ಪ್ರಾಧ್ಯಾಪಕರು, ಹೆಡ್‌ಕ್ಲಾರ್ಕು, ಆಡಳಿತ ಮಂಡಳಿಯ ಅಧ್ಯಕ್ಷರ ಮೈದುನ ಎಲ್ಲರೂ ಅಲ್ಲಿನ ಬೆಂಚಿಗೆ. ಅಲ್ಲಿ ಆದ ಮಾತೇ ಮರುದಿನ ನೋಟೀಸು. ಸಭೆ ಅನ್ನುವುದೆಲ್ಲ ಬರೀ ಚುರಮರಿ ತಿನ್ನಲಿಕ್ಕೆ. ಹೆಂಗಸರು ಆ ಅಂಗಡಿಯ ಹೊಸ್ತಿಲು ತುಳಿಯುವಂತಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ರೂಢಿ ಹಾಗಿತ್ತು. ಅಕ್ಕೋರಿಗೆ ಚಹಾ ಕಿಟ್ಲಿಯಲ್ಲಿ ಒಳಗೇ ಬರುತ್ತಿತ್ತು.

ನಮ್ಮ ಕೊನೆಯ ವರ್ಷ ವಿಭಾಗದ ಮುಖ್ಯಸ್ಥರು ನಿವೃತ್ತರಾದರು. ಮುಂದಿನ ಹಿರಿಯರು ಅಕ್ಕೋರೇ. ಆದರೆ ಅವರ ಹತ್ತಿರವೇ ಕಲಿತು ಈಗ ಅದೇ ವಿಭಾಗದಲ್ಲಿ ಕಲಿಸುತ್ತಿದ್ದ ಒಬ್ಬ ಗಂಡಸಿನ ಹೆಸರು ಬೆಂಚಿನ ಮೇಲೆ ಓಡಾಡುತ್ತಿದೆ ಎಂದು ಸುದ್ದಿ ಬಂತು. ಅಂದು ಸಂಜೆಯ ಪಾಠದ ನಡುವೆ ಸೀಮೆಸುಣ್ಣ ಮುರಿಯಿತು. ಅಕ್ಕೋರು ಕೈ ಕೊಡವಿಕೊಂಡು ನಮ್ಮ ಕಡೆ ತಿರುಗಿದರು. “ನೀವು ಮೂರೂ ಮಂದಿ ಏಳ್ರಿ. ಪ್ರಾಕ್ಟಿಕಲ್ ಐತಿ.” ವಾಣಿಜ್ಯದಲ್ಲಿ ಎಲ್ಲಿಯ ಪ್ರಾಕ್ಟಿಕಲ್ಲು!

ಸೀದಾ ಚಹಾದಂಗಡಿಗೆ ನಡೆದು ಬೆಂಚಿನ ತುದಿಗೆ ಕೂತರು. ನಾವು ಅವರ ಹಿಂದೆ ಒತ್ತಿಕೊಂಡು ನಿಂತೆವು. “ಚಾಚಾ, ನಾಕು ಚಹಾ.” ಅಂಗಡಿಯ ಚಾಚಾ ಹೆಗಲ ಮೇಲಿನ ಅರಿವೆಯಿಂದ ಬೆಂಚು ಒರೆಸಿ, “ಕೂಡ್ರಿ ತಂಗ್ಯಾರ” ಅಂದ. ಗಂಡಸರ ಮಾತು ಅಲ್ಲೇ ನಿಂತಿತು. ಕೊನೆಗೆ ಅಧ್ಯಕ್ಷರ ಮೈದುನ ಹಲ್ಲು ಕಿರಿದ. “ಚಹಾ ಒಳಗ ಕಳಸ್ತಿದ್ವಲ್ರೀ ಬಾಯಾರ, ಯಾಕ ತ್ರಾಸ ತಗೊಂಡ್ರಿ?”

“ಚಹಾ ಒಳಗ ಬರತೈತ್ರಿ. ಮಾತು ಬರೂದಿಲ್ಲ. ಮಾತು ಕುಡದು ಹೋಗೂಣಂತ ಬಂದೇನಿ.”

ಒಬ್ಬರು ಗಡಿಯಾರ ನೋಡಿಕೊಂಡು ಎದ್ದರು. ಇನ್ನೊಬ್ಬರಿಗೆ ಮನೆಯ ಕೆಲಸ ನೆನಪಾಯಿತು. ಅರ್ಧ ಕುಡಿದ ಬಟ್ಟಲು ಬಿಟ್ಟು ಒಬ್ಬೊಬ್ಬರೇ ಜಾರಿದರು. ಅಕ್ಕೋರು ನಮ್ಮ ಕಡೆ ನೋಡಿ, “ಬರಕೋರಿ. ಸಂಘಟನಿ ಎದ್ದು ಹೊಂಟೈತಿ” ಅಂದರು. ನಾವು ಕಿಸಕ್ಕನೆ ನಕ್ಕೆವು. ಅವರು ನಗಲಿಲ್ಲ.

ಮರುದಿನದಿಂದ ಆ ಗಂಡಸರು ಸ್ಕೂಟರು ಹತ್ತಿ ಇಟ್ಟಂಗಿಹಾಳದ ಹತ್ತಿರ ಅಧ್ಯಕ್ಷರ ತೋಟಕ್ಕೆ ಹೋಗತೊಡಗಿದರು. ಅಲ್ಲಿಗೆ ಯಾವ ಹೆಂಗಸು ನಡೆದು ಹೋಗಿ ಕೂತಾಳು? ವಾರದೊಳಗೆ ನೋಟೀಸು ಬಂತು. ಮುಖ್ಯಸ್ಥ ಅವನೇ, ಅಕ್ಕೋರ ಶಿಷ್ಯ. ಪ್ರಿನ್ಸಿಪಾಲರು ಅಕ್ಕೋರನ್ನು ಕರೆಸಿ, “ಗಂಡಸರು ಹೆಣ್ಣಮಗಳ ಕೈಕೆಳಗ ದುಡಿಯೂದಿಲ್ಲ ಅಂತಾರ. ಮನಸಿಗೆ ಹಚಗೋಬ್ಯಾಡ್ರಿ” ಅಂದರಂತೆ. ಮನಸ್ಸಿಗೆ ಹಚ್ಚಿಕೊಳ್ಳಬಾರದಂತೆ! ಕೊಟ್ಟಿದ್ದರೆ ಇವರಪ್ಪನ ಗಂಟೇನು ಹೋಗುತ್ತಿತ್ತು? ಇಷ್ಟು ವರ್ಷವಾದರೂ ಆ ಮಾತು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹೊಸ ಮುಖ್ಯಸ್ಥನಿಗೆ ವೇಳಾಪಟ್ಟಿ ಹೊಂದಿಸಲೂ ಬರುತ್ತಿರಲಿಲ್ಲ. ಎಲ್ಲ ಅಕ್ಕೋರೇ ಮಾಡಿಕೊಟ್ಟರು. ಅಷ್ಟರಲ್ಲಿ ನನ್ನ ಎಂ.ಕಾಂ. ಮುಗಿದು ವಿಜಾಪುರದ್ದೇ ಒಂದು ಬ್ಯಾಂಕಿನಲ್ಲಿ ನೌಕರಿ ಸಿಕ್ಕಿತ್ತು. ಒಂದು ದಿನ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕದ ಅವರ ಬಾಡಿಗೆ ಮನೆಗೆ ಹೋದಾಗ ತಡೆಯಲಾರದೆ, “ಯಾಕ ಮಾಡತೀರಿ ಅಕ್ಕೋರ? ಆ ಹಡಬಿಟ್ಟಿ ಮಂದಿ ಮಣ್ಣ ತಿನ್ಲಿ” ಅಂದೆ.

“ಹುಡುಗರ ಪಾಠ ಕೆಡಬಾರದಲ್ಲಬೇ. ಆದ್ರ ಸಿಟ್ಟು ಇಳಿಸಬ್ಯಾಡ. ಸಿಟ್ಟು ಇಳಿಸಿದೀ ಅಂದ್ರ ಭಾಳ ಛಲೋ ಹೆಣ್ಣಮಗಳು ಅಂತ ಹಾರ ಹಾಕಿಬಿಡ್ತಾರ” ಅಂದರು. ರೈಲು ಹಾದು ಮನೆಯ ಪಾತ್ರೆಗಳು ಗಡಗುಟ್ಟಿದವು. ಸದ್ದು ನಿಂತ ಮೇಲೆ ಮತ್ತೊಮ್ಮೆ, “ಇಳಿಸಬ್ಯಾಡ” ಅಂದರು.

ದಶಕ ಮುಗಿಯುವ ಮೊದಲೇ ಕಾಮಣಿ ಆಗಿ ಕಣ್ಣೆಲ್ಲ ಹಳದಿಗಟ್ಟಿ ಅಕ್ಕೋರು ತೀರಿಹೋಗಿಬಿಟ್ಟರು. ಕಾಲೇಜಿನ ಸಭಾಂಗಣದಲ್ಲಿ ಶ್ರದ್ಧಾಂಜಲಿ ಇಟ್ಟರು. ಬ್ಯಾಂಕಿಗೆ ರಜೆ ಹಾಕಿ ಹೋದೆ. ಫೋಟೋಕ್ಕೆ ಚೆಂಡುಹೂವಿನ ಹಾರ. ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಅವರ ಹೆಸರು, ಅದರ ಕೆಳಗೆ ‘ವಾಣಿಜ್ಯ ವಿಭಾಗದ ಮುಖ್ಯಸ್ಥರು’. ಮುಂದಿನ ಸಾಲಿನಲ್ಲಿ ಅದೇ ಬೆಂಚಿನ ಮಂದಿ. ಆ ಶಿಷ್ಯ ಕಣ್ಣು ಒರೆಸಿಕೊಳ್ಳುತ್ತ, “ನಮಗ ಖರೇ ಮುಖ್ಯಸ್ಥರು ಅವರ ಇದ್ರು” ಅಂದ. ಮಾಡೋದು ಅನಾಚಾರ, ಮನೆ ಮುಂದೆ ಬೃಂದಾವನ!

ನಾನು ಎದ್ದೆ. “ಆ ಅಕ್ಷರ ಅಳಸ್ರಿ.”

“ತಂಗೀ, ಗೌರವಕ್ಕ ಬರಸೇವಿ” ಅಂದರು ಪ್ರಿನ್ಸಿಪಾಲರು.

“ಜೀವ ಇದ್ದಾಗ ಕೊಡಲಿಲ್ಲ. ಈಗ ಅವರು ಹುಕುಂ ಮಾಡೂದಿಲ್ಲ ಅಂತ ಧೈರ್ಯ ಬಂತೇನ್ರಿ?”

ಯಾರೂ ಕದಲಲಿಲ್ಲ. ನಾನೇ ಹೋಗಿ ಸೆರಗಿನಿಂದ ಆ ಸಾಲನ್ನು ಒರೆಸಿದೆ. ಅಕ್ಕೋರ ಹೆಸರು ಉಳಿಸಿದೆ. ನಂತರ ಹೊರಗೆ ಬಂದು ಗೇಟು ದಾಟಿ, ಚಹಾದಂಗಡಿಯ ಬೆಂಚಿಗೆ ಕೂತೆ. ಒಬ್ಬಳೇ. ಚಾಚಾ ಏನೂ ಕೇಳದೆ ಚಹಾ ತಂದಿಟ್ಟ.

ಸಭೆ ಮುಗಿದಿರಬೇಕು. ಗಂಡಸರು ರೂಢಿಯಂತೆ ರಸ್ತೆ ದಾಟಿ ಬಂದವರು, ನನ್ನನ್ನು ಕಂಡು ಹೊಸ್ತಿಲಲ್ಲೇ ನಿಂತರು. ಒಳಗೆ ಬರುವುದೋ, ತಿರುಗಿ ಹೋಗುವುದೋ ಅವರಿಗೆ ತಿಳಿಯಲಿಲ್ಲ. ನಾನು ಏಳಲಿಲ್ಲ. ಸೆರಗಿಗೆ ಹತ್ತಿದ ಸೀಮೆಸುಣ್ಣವನ್ನು ಕೊಡವಲೂ ಇಲ್ಲ.